ಹಳೇ ಮೂಕಿಗೆ ಹೊಸ ಎತ್ತು

ಮದ್ದೂರಿನಿಂದ ಮಳವಳ್ಳಿ ಕಡೆಗೆ ಹೊರಟು, ಕೆ.ಎಂ. ದೊಡ್ಡಿ ಇನ್ನೂ ದೂರವಿದೆ ಎನ್ನುವಾಗ, ಬೇವಿನ ಮರದ ಕೆಳಗೆ ಒಂದು ತಗಡಿನ ಶೆಡ್ಡು ಸಿಗುತ್ತದೆ. ಬೋರ್ಡಿಲ್ಲ. ಮುಂದುಗಡೆ ಕಬ್ಬಿನ ಟ್ರೈಲರುಗಳು ಸಾಲಾಗಿ ನಿಂತಿವೆ. ಒಂದರ ಅಚ್ಚು ಮುರಿದಿದೆ, ಇನ್ನೊಂದರ ಕೊಕ್ಕೆ ಬೆಸೆಯಬೇಕು. ಪಕ್ಕದ ತೋಟದಲ್ಲಿ ಆಲೆಮನೆ ನಡೆಯುತ್ತಿದೆ. ಪಾಕ ಹದಕ್ಕೆ ಬರುವ ಹೊತ್ತಿನ ವಾಸನೆ ಶೆಡ್ಡಿನೊಳಗಿನ ಗ್ರೀಸು, ವೆಲ್ಡಿಂಗ್ ಹೊಗೆಗಳ ನಡುವೆಯೂ ದಾರಿ ಮಾಡಿಕೊಂಡು ಬರುತ್ತದೆ. ನಾನು ಬಂದದ್ದು ಹಿಂಬದಿಯ ಅರೆಗತ್ತಲಲ್ಲಿ ಗೋಣಿತಾಟು ಹೊದ್ದು ನಿಂತಿರುವ ಒಂದು ಪುಟ್ಟ ಕಾರನ್ನು ನೋಡಲು.

ಶೆಡ್ಡಿನ ಮೆಕ್ಯಾನಿಕ್ಕು ಗೋಣಿತಾಟು ಸರಿಸಿದರು. ಸ್ಟ್ಯಾಂಡರ್ಡ್ ಹೆರಾಲ್ಡ್, ಎರಡು ಬಾಗಿಲಿನದು. ಐವತ್ತು ದಾಟಿದವರಿಗೆ ಈ ಕಾರಿನ ಪರಿಚಯ ಹೇಳಬೇಕಾಗಿಲ್ಲ. ಅಂಬಾಸಡರ್, ಫಿಯೆಟ್ಟುಗಳ ಕಾಲದಲ್ಲಿ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ 1961ರಿಂದ ಹತ್ತು ವರ್ಷ ತಯಾರಿಸಿದ ಗಾಡಿ ಇದು. ಮೂಲ ಇಂಗ್ಲೆಂಡಿನ ಟ್ರಯಂಫ್ ಕಂಪನಿಯದು, ಗೆರೆ ಎಳೆದವರು ಇಟಲಿಯ ಜೊವಾನ್ನಿ ಮಿಕೆಲೋಟ್ಟಿ. ಆಮೇಲೆ ನಮ್ಮಲ್ಲಿ ಅದಕ್ಕೆ ನಾಲ್ಕು ಬಾಗಿಲೂ ಬಂದವು, ಮನೆಮಂದಿಯ ಕಾರಾಯಿತು. ಆದರೆ ಎರಡು ಬಾಗಿಲಿನ ಹೆರಾಲ್ಡಿನ ಮೈಕಟ್ಟು ನೋಡಿದರೆ ಅದರ ರಕ್ತ ಯಾವುದೆಂದು ಗೊತ್ತಾಗುತ್ತದೆ. ಟ್ರಯಂಫ್‌ನವರು ಇದೇ ಚಾಸಿಯನ್ನು ಗಿಡ್ಡ ಮಾಡಿ 1962ರಲ್ಲಿ ಸ್ಪಿಟ್‌ಫೈರ್ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಕಟ್ಟಿದರು. ಹೆರಾಲ್ಡಿನ ಬೆನ್ನುಮೂಳೆಯೂ ಸ್ಪಿಟ್‌ಫೈರಿನ ಬೆನ್ನುಮೂಳೆಯೂ ಒಂದೇ ಮನೆತನದವು.

ಬಾನೆಟ್ಟನ್ನು ಎತ್ತಿದರು ಎನ್ನುವುದು ತಪ್ಪಾಗುತ್ತದೆ. ಹೆರಾಲ್ಡಿನಲ್ಲಿ ಮುಂಭಾಗವೇ ಇಡಿಯಾಗಿ, ಮಡ್‌ಗಾರ್ಡು ದೀಪಗಳ ಸಮೇತ, ಮುಂದಕ್ಕೆ ಮಗುಚಿಕೊಳ್ಳುತ್ತದೆ. ಒಳಗಿನದೆಲ್ಲ ಬಯಲು. ಮುಂದಿನ ಟೈರಿನ ಮೇಲೆ ಕುಳಿತುಕೊಂಡು ಕೆಲಸ ಮಾಡಬಹುದು. ಮೆಕ್ಯಾನಿಕ್ಕು ಹಾಗೆಯೇ ಕುಳಿತರು, ಜಗುಲಿಯ ಮೇಲೆ ಕುಳಿತ ಹಾಗೆ. ಇಂಜಿನ್ ಬದಲಾಯಿಸಬೇಕೆನ್ನುವವರಿಗೆ ಇದಕ್ಕಿಂತ ಅನುಕೂಲದ ಹಳೆಯ ಕಾರು ಸಿಗುವುದು ಕಷ್ಟ. ಚಾಸಿ ಬೇರೆ, ಬಾಡಿ ಬೇರೆ, ಬಾಡಿಯ ತುಂಡುಗಳೂ ಬೋಲ್ಟು ಹಾಕಿ ಕೂಡಿಸಿದವು. ಕಂಪನಿಯವರೇ ಇದರಲ್ಲಿ ಆರು ಸಿಲಿಂಡರಿನ 1596 ಸಿ.ಸಿ. ಇಂಜಿನ್ ಕೂರಿಸಿ 'ವಿಟೆಸ್' ಎಂದು ಹೆಸರಿಟ್ಟು ಮಾರಿದರು, 1966ರಲ್ಲಿ ಅದನ್ನೂ 2 ಲೀಟರಿಗೆ ಏರಿಸಿದರು.

ಇಲ್ಲಿ ಬರಲಿರುವುದು ಆರು ಸಿಲಿಂಡರಲ್ಲ. ಶೆಡ್ಡಿನ ಮೂಲೆಯಲ್ಲಿ ಟ್ರ್ಯಾಕ್ಟರ್ ಟೈರಿನ ಮೇಲೆ ಕೂತಿದೆ ಮಾರುತಿ ಬಲೆನೊದ ಹಳೆಯ ಮಾದರಿಯ ಇಂಜಿನ್: 1590 ಸಿ.ಸಿ., 16 ವಾಲ್ವು, ತೊಂಬತ್ತನ್ನು ದಾಟುವ ಹಾರ್ಸ್‌ಪವರ್. ಹೆರಾಲ್ಡಿನ ಸ್ವಂತ ಇಂಜಿನ್ ಮೊದಲಿಗೆ 948 ಸಿ.ಸಿ., ಆಮೇಲೆ 1147 ಸಿ.ಸಿ., ಬಲ ನಲವತ್ತರ ಆಸುಪಾಸು. ಬಲ ಎರಡು ಪಟ್ಟಿಗಿಂತ ಹೆಚ್ಚಾಯಿತು. ಆದರೆ ನನ್ನನ್ನು ಬೆರಗುಗೊಳಿಸಿದ್ದು ತೂಕ. ಹಳೆಯದು ಎರಕದ ಕಬ್ಬಿಣ, ಹೊಸದು ಅಲ್ಯೂಮಿನಿಯಂ. ಇಷ್ಟು ಬಲ ಕೊಡುವ ಈ ಇಂಜಿನ್ನಿನಿಂದ ಕಾರಿನ ಮೂತಿಯ ಭಾರ ಏರುವ ಬದಲು ಇಳಿಯುತ್ತದೆ.

ಇನ್ನೊಂದು ಜಾಣತನವೂ ಇದೆ. ಬಲೆನೊ ಮುಂದಿನ ಚಕ್ರ ಎಳೆಯುವ ಕಾರು, ಅದರಲ್ಲಿ ಇಂಜಿನ್ ಅಡ್ಡಡ್ಡ ಕೂರುತ್ತದೆ. ಹೆರಾಲ್ಡಿಗೆ ಉದ್ದುದ್ದ ಕೂರಬೇಕು, ಹಿಂದಿನ ಚಕ್ರ ತಳ್ಳಬೇಕು. ಇದಕ್ಕೆ ಉತ್ತರ ಮಾರುತಿಯದೇ ಜಿಪ್ಸಿಯಲ್ಲಿದೆ. ಜಿಪ್ಸಿಯ ಇಂಜಿನ್ನೂ ಇದೇ ಕುಲದ್ದು, ಆದ್ದರಿಂದ ಅದರ ಗೇರ್‌ಬಾಕ್ಸು ಇದಕ್ಕೆ ಬಂದು ಕಚ್ಚಿಕೊಳ್ಳುತ್ತದೆ. ನಾಲ್ಕೂ ಚಕ್ರಕ್ಕೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸು ಜಿಪ್ಸಿಯಲ್ಲಿ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ಬೇರೆಯೇ ಕೂತಿದೆ. ಅದನ್ನು ಬಿಟ್ಟುಬಿಟ್ಟರೆ ಗೇರ್‌ಬಾಕ್ಸಿನಿಂದ ನೇರವಾಗಿ ಹಿಂದಕ್ಕೆ ಪ್ರೊಪೆಲ್ಲರ್ ಶಾಫ್ಟು ಎಳೆಯಬಹುದು. ಬೇರೆ ಬೇರೆ ಕಂಪನಿಯ ಇಂಜಿನ್ನು, ಗೇರ್‌ಬಾಕ್ಸುಗಳ ನಡುವೆ ದಪ್ಪ ಉಕ್ಕಿನ ತಟ್ಟೆ ಕೊರೆದು ಕೂರಿಸುವ ಕಷ್ಟ ಇಲ್ಲಿ ತಪ್ಪಿತು. ಆ ತಟ್ಟೆಯ ನಡುಗಂಡಿ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ಕ್ಲಚ್ಚು, ಬೇರಿಂಗು ಎರಡನ್ನೂ ತಿಂದುಹಾಕುತ್ತದೆ.

"ಹಂಗಾದ್ರೆ ಕೆಲ್ಸ ಸುಲಭ" ಎಂದೆ.

ಮೆಕ್ಯಾನಿಕ್ಕು ಟೈರಿನಿಂದ ಇಳಿದರು. "ಇಂಜಿನ್ ಕೂರ್ಸೋದು ಎಲ್ಡು ದಿನದ ಕೆಲ್ಸ ಸಾ. ಗಾಡಿ ನಿಲ್ಸೋದು ಎಲ್ಡು ತಿಂಗ್ಳ ಕೆಲ್ಸ."

ಈ ಮಾತಿಗಾಗಿಯೇ ನಾನು ಆ ರಸ್ತೆಯಲ್ಲಿ ಮೂರು ದಿನ ಓಡಾಡಿದೆ.

ಹೆರಾಲ್ಡಿನ ನಾಲ್ಕೂ ಚಕ್ರಕ್ಕೆ ಇದ್ದದ್ದು ಡ್ರಮ್ ಬ್ರೇಕು. ಅರವತ್ತರಲ್ಲಿ ಹೋಗುವ ಗಾಡಿಯನ್ನು ನಿಲ್ಲಿಸುವಾಗ ಬ್ರೇಕು ಎಷ್ಟು ಶಾಖ ನುಂಗಬೇಕೋ, ನೂರಿಪ್ಪತ್ತರಿಂದ ನಿಲ್ಲಿಸುವಾಗ ಅದರ ನಾಲ್ಕು ಪಟ್ಟು ನುಂಗಬೇಕು. ವೇಗ ದುಪ್ಪಟ್ಟಾದರೆ ಶಾಖ ನಾಲ್ಕು ಪಟ್ಟು. ಇದರಲ್ಲಿ ಯಾವ ರಿಯಾಯಿತಿಯೂ ಇಲ್ಲ. ಡ್ರಮ್ಮು ಕಾದು ಹಿಗ್ಗುತ್ತದೆ, ಲೈನಿಂಗು ಹಿಡಿತ ಬಿಡುತ್ತದೆ, ಪೆಡಲ್ಲು ತುಳಿದಷ್ಟೂ ಕೆಳಗೆ ಹೋಗುತ್ತದೆ. ಅದಕ್ಕೇ ಮುಂದಿನ ಚಕ್ರಗಳಿಗೆ ಡಿಸ್ಕು ಬರುತ್ತಿದೆ. ಕ್ಯಾಲಿಪರ್ ಹಿಡಿಯುವ ಕಿವಿಯನ್ನು ಅವರೇ ದಪ್ಪ ಪ್ಲೇಟಿನಿಂದ ಕತ್ತರಿಸಿ, ಅರ ಹೊಡೆದು, ಹೊಂದಿಸಿದ್ದಾರೆ. ಮೂರನೆಯ ಸಲದ್ದು ಸರಿಹೋಯಿತಂತೆ. ಮೊದಲಿನ ಎರಡನ್ನೂ ಬಿಸಾಡದೆ ಗೋಡೆಗೆ ನೇತುಹಾಕಿದ್ದಾರೆ.

ಹಿಂದಿನ ಚಕ್ರಗಳ ಕಥೆ ಇನ್ನೂ ಕಷ್ಟದ್ದು. ಹೆರಾಲ್ಡಿನ ಹಿಂದಿನ ಚಕ್ರಗಳು ಡಿಫರೆನ್ಷಿಯಲ್ಲಿನ ಅಕ್ಕಪಕ್ಕ ಕೀಲು ಹಾಕಿದ ರೆಕ್ಕೆಗಳ ಹಾಗೆ ಮೇಲೆ ಕೆಳಗೆ ಆಡುತ್ತವೆ. ಒಂದೇ ಅಡ್ಡ ಪ್ಲೇಟ್ ಸ್ಪ್ರಿಂಗು ಎರಡೂ ರೆಕ್ಕೆಗಳನ್ನು ಹೊತ್ತಿದೆ. ಹಳ್ಳಿ ರಸ್ತೆಯಲ್ಲಿ ಇದು ಹಿತ. ಆದರೆ ತಿರುವಿನಲ್ಲಿ ಜೋರಾಗಿ ಹೋಗುತ್ತ ಹೆದರಿ ಆಕ್ಸಿಲರೇಟರ್ ಬಿಟ್ಟರೆ ಕಾರಿನ ಬೆನ್ನು ಮೇಲೇಳುತ್ತದೆ, ಹೊರಗಿನ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ, ಗಾಡಿ ತಿರುಗಿಬಿಡುತ್ತದೆ. ನಲವತ್ತು ಹಾರ್ಸ್‌ಪವರಿನಲ್ಲಿ ಅಪರೂಪಕ್ಕೆ ಕಾಣಿಸುತ್ತಿದ್ದ ಈ ದೋಷ ತೊಂಬತ್ತರಲ್ಲಿ ದಿನದ ಅಪಾಯ. ಟ್ರಯಂಫ್‌ನವರೇ 1970ರಲ್ಲಿ ಸ್ಪಿಟ್‌ಫೈರಿಗೆ ಮದ್ದು ಕಂಡುಹಿಡಿದರು: ಸ್ಪ್ರಿಂಗಿನ ಒಂದು ಪ್ಲೇಟನ್ನು ಮಾತ್ರ ಬಿಗಿದು, ಉಳಿದವು ನಡುವಿನ ಕೀಲಿನ ಮೇಲೆ ತೂಗಾಡುವಂತೆ ಬಿಟ್ಟರು. ತಕ್ಕಡಿಯ ಕೋಲಿನಂತೆ. ಚಿತ್ರ ನೋಡಿಕೊಂಡು ಇವರೂ ಹಾಗೆಯೇ ಮಾಡಿದ್ದಾರೆ. ಟ್ರೈಲರು, ಟೆಂಪೋಗಳ ಪ್ಲೇಟುಗಳನ್ನು ದಿನಾ ಬಿಚ್ಚಿ ಜೋಡಿಸುವ ಕೈಗೆ ಆ ಚಿತ್ರ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ.

"ಮೂಕಿ ಹಳೇದು, ಎತ್ತು ಹೊಸ್ದು. ಎಳ್ದೋಯ್ತದೆ, ಅದ್ರಾಗೇನೂ ಅನುಮಾನಿಲ್ಲ. ಅಚ್ಚು ತಡೀತದಾ, ಕಡಾಣಿ ತಡೀತದಾ, ಅದು ನೋಡ್ಬೇಕು" ಎಂದರು. ಹಳ್ಳಿಕಾರ್ ಎತ್ತುಗಳ ಸೀಮೆ ಇದು. ಗಾಡಿ ಓಟಕ್ಕೆ ಎತ್ತು ಕಟ್ಟುವವರು ಮೊದಲು ಗಾಡಿಯ ಕೆಳಗೆ ಬಗ್ಗಿ ನೋಡುತ್ತಾರೆ.

ಇಂಜಿನ್ ಬದಲಾಯಿಸುವ ಕಸುಬು ಈ ಭಾಗಕ್ಕೆ ಹೊಸದಲ್ಲ, ಅದು ಹುಟ್ಟಿದ್ದು ಶೋಕಿಯಿಂದಲೂ ಅಲ್ಲ. ಮಹೀಂದ್ರದವರು ವಿಲ್ಲೀಸ್ ಜೀಪುಗಳನ್ನು 1940ರ ದಶಕದ ಕೊನೆಯಲ್ಲಿ ನಮ್ಮ ದೇಶದಲ್ಲಿ ಜೋಡಿಸಲು ಶುರು ಮಾಡಿದರು. ಆ ಪೆಟ್ರೋಲ್ ಇಂಜಿನ್ನಿನ ಬಾಯಾರಿಕೆ ರೈತನ ಕೈಗೆ ನಿಲುಕುವಂಥದ್ದಾಗಿರಲಿಲ್ಲ. ಡೀಸೆಲ್ ಅಗ್ಗವಾಗಿದ್ದ ದಿನಗಳಲ್ಲಿ ಜೀಪಿನ ಹೊಟ್ಟೆಗೆ ಡೀಸೆಲ್ ಇಂಜಿನ್ ಸೇರಿತು, ಅಂಬಾಸಡರಿಗೆ ಮೆಟಡೋರ್ ಇಂಜಿನ್ ಸೇರಿತು. ಬಾಡಿಗೆ ಅಂಬಾಸಡರುಗಳಲ್ಲಿ ಕುಳಿತು ಮದುವೆ ದಿಬ್ಬಣ ಹೋದವರಿಗೆ ಆ ನಡುಕ ಇನ್ನೂ ನೆನಪಿರಬೇಕು. ಕಾರು ನಿಂತಲ್ಲೇ ನಿಂತಿದ್ದರೂ ಬಾಗಿಲ ಗಾಜು ಗಡಗಡ ಎನ್ನುತ್ತಿತ್ತು. ಡೀಸೆಲ್ಲಿನ ಕಬ್ಬಿಣದ ಭಾರಕ್ಕೆ ಮುಂಭಾಗ ಕುಸಿಯುತ್ತಿತ್ತು, ಟಾರ್ಷನ್ ಬಾರನ್ನು ತಿರುಚಿ ಮತ್ತೆ ಎತ್ತರಿಸುತ್ತಿದ್ದರು.

ನಾನು ಚಿಕ್ಕವನಿದ್ದಾಗ ನಮ್ಮ ನೆಂಟರ ಮನೆಯಲ್ಲಿ ಅಂಥದೊಂದು ಜೀಪಿತ್ತು. ಇಂಜಿನ್ ಬದಲಾಯಿಸಿದವರು ಬ್ರೇಕಿನ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ. ತೆಂಗಿನಕಾಯಿ ಹೇರಿಕೊಂಡು ಇಳಿಜಾರಿನಲ್ಲಿ ಬರುವಾಗ ನಿಲ್ಲದೆ ಗದ್ದೆಗೆ ನುಗ್ಗಿತು. ಕೆಸರು ಇದ್ದುದರಿಂದ ಜೀವ ಉಳಿಯಿತು. ಓಡಿಸುತ್ತಿದ್ದ ದೊಡ್ಡಪ್ಪ ಆಮೇಲೆ ಎಷ್ಟೋ ವರ್ಷ ಎಡಗೈಯನ್ನು ಪೂರ್ತಿ ಮೇಲಕ್ಕೆ ಎತ್ತಲಾಗಲಿಲ್ಲ. 'ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು' ಎಂಬ ಗಾದೆ ಕೇಳಿದಾಗಲೆಲ್ಲ ನನಗೆ ಆ ಜೀಪು ಕಣ್ಮುಂದೆ ಬರುತ್ತದೆ.

ಪಕ್ಕದ ಆಲೆಮನೆಗೂ ಹೋಗಿ ಬಂದೆ. ಈಗ ಅಲ್ಲಿ ಕರೆಂಟಿನ ಮೋಟಾರಿದೆ. ಅದಕ್ಕೆ ಮುಂಚೆ ಡೀಸೆಲ್ ಇಂಜಿನ್, ಹಳಬರು ಇವತ್ತಿಗೂ ಅದನ್ನು 'ಪೀಟರ್ ಇಂಜಿನ್ನು' ಎನ್ನುತ್ತಾರೆ. ಅದಕ್ಕೂ ಮುಂಚೆ ಎತ್ತು. ಎತ್ತು ಸುತ್ತುತ್ತಿದ್ದಾಗ ಗಾಣದ ಉರುಳೆಗಳು ನಿಂತಿದ್ದವು. ಇಂಜಿನ್ ಬಂದಾಗ ಉರುಳೆಗಳು ಮಲಗಿದವು, ಹಲ್ಲುಗಾಲಿಗಳು ದಪ್ಪವಾದವು, ಕೆಳಗೆ ಕಾಂಕ್ರೀಟು ಬಂತು.

ಹೊರದೇಶದ ದೊಡ್ಡ ಹೆಸರುಗಳೂ ಇದೇ ಪಾಠ ಕಲಿತವು. ಇಂಗ್ಲೆಂಡಿನ ಎ.ಸಿ. ಕಂಪನಿಯ 'ಏಸ್' ಎಂಬ ಹಗುರ ಕಾರಿಗೆ ಅಮೆರಿಕದ ಕ್ಯಾರೊಲ್ ಶೆಲ್ಬಿ 1962ರಲ್ಲಿ ಫೋರ್ಡಿನ ವಿ-8 ಇಂಜಿನ್ ಹಾಕಿಸಿದರು, ಅದೇ 'ಕೋಬ್ರಾ'. ಇಂಜಿನ್ ಬೆಳೆದು 7 ಲೀಟರಿಗೆ ಬಂದಾಗ ಹಳೆಯ ಚಾಸಿ ಸಾಲದೆ, ಕೊಳವೆಗಳನ್ನು 3 ಇಂಚಿನಿಂದ 4 ಇಂಚಿಗೆ ದಪ್ಪ ಮಾಡಿ, ಪ್ಲೇಟ್ ಸ್ಪ್ರಿಂಗು ತೆಗೆದು ಕಾಯಿಲ್ ಸ್ಪ್ರಿಂಗು ಹಾಕಿ ಹೊಸದಾಗಿಯೇ ಕಟ್ಟಬೇಕಾಯಿತು. 1964ರ ಸನ್‌ಬೀಮ್ ಟೈಗರಿನಲ್ಲಿ ವಿ-8 ಎಷ್ಟು ಇಕ್ಕಟ್ಟಾಗಿ ಕೂತಿತ್ತೆಂದರೆ ಒಂದು ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಲು ಕಾರಿನ ಒಳಗಡೆಯಿಂದ ಕಂಡಿ ಮಾಡಿಟ್ಟಿದ್ದರು. ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ಎಂ.ಜಿ.ಬಿ. ಎಂಬ ಸ್ಪೋರ್ಟ್ಸ್ ಕಾರಿನ ಕಥೆ. ಕೆನ್ ಕಾಸ್ಟೆಲ್ಲೊ ಎಂಬವರು ಅದಕ್ಕೆ ರೋವರ್ ಕಂಪನಿಯ ಮೂರೂವರೆ ಲೀಟರಿನ ಅಲ್ಯೂಮಿನಿಯಂ ವಿ-8 ಹಾಕಿ ತೋರಿಸಿದರು. ತೂಗಿದರೆ ಅದು ಮೂಲದ 1.8 ಲೀಟರಿನ ಕಬ್ಬಿಣದ ಇಂಜಿನ್ನಿನಷ್ಟೇ. ಕೊನೆಗೆ 1973ರಲ್ಲಿ ಕಂಪನಿಯೇ ಅದನ್ನು ತಯಾರಿಸಿತು. ಒಬ್ಬ ಮನುಷ್ಯ ತನ್ನ ಗ್ಯಾರೇಜಿನಲ್ಲಿ ಸರಿಯಾಗಿ ತೂಗಿ ಅಳೆದು ಮಾಡಿದ್ದನ್ನು ಕಾರ್ಖಾನೆ ಒಪ್ಪಿಕೊಂಡಿತು.

ಎರಡನೆಯ ದಿನ ಮಳವಳ್ಳಿ ದಾಟಿ ಕೊಳ್ಳೇಗಾಲದ ದಾರಿ ಹಿಡಿದು ಶಿವನಸಮುದ್ರಕ್ಕೆ ಹೋದೆ. ಕಾರಿನ ವಿಷಯ ಬರೆಯುವವನಿಗೆ ಅಲ್ಲೇನು ಕೆಲಸ ಎಂದು ಕೇಳಬಹುದು. ಇದ್ದ ಮನೆಗೆ ದೊಡ್ಡ ಯಂತ್ರ ತರುವುದೆಂದರೇನು ಎಂಬುದನ್ನು ಮಂಡ್ಯ ಜಿಲ್ಲೆ ಮೊದಲು ಕಲಿತದ್ದು ಅಲ್ಲಿ.

ಗಗನಚುಕ್ಕಿಯ ಕಡೆ ನಿಂತರೆ ಕಣಿವೆಯ ಆಳದಲ್ಲಿ ವಿದ್ಯುದಾಗಾರ. ಅನುಮತಿ ಇಲ್ಲದೆ ಕೆಳಗೆ ಇಳಿಯುವಂತಿಲ್ಲ. ಬಂಡೆಯ ಮೈಮೇಲೆ ಇಳಿದುಹೋಗುವ ಕೊಳವೆಗಳನ್ನು ಮೇಲಿನಿಂದಲೇ ನೋಡಿದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಈ ಕೆಲಸವನ್ನು ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಮುನ್ನಡೆಸಿದರು. 1902ರ ಜೂನ್ 30ರಂದು ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೊರಟಿತು, ಸುಮಾರು 147 ಕಿಲೋಮೀಟರ್ ದೂರ. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಯಂತ್ರಗಳು ರೈಲಿನಿಂದ ಇಳಿದದ್ದು ಮದ್ದೂರಿನಲ್ಲಿ. ಅಲ್ಲಿಂದ ಗಾಡಿಗಳ ಮೇಲೆ, ಎತ್ತು ಆನೆಗಳ ಬಲದಲ್ಲಿ ಇಲ್ಲಿಗೆ ಬಂದವು. ನಾನು ಸಾಗಿ ಬಂದದ್ದೂ ಅದೇ ಸೀಮೆಯ ಮೂಲಕ.

ಮೊದಲು ಇದ್ದದ್ದು 720 ಕಿಲೋವ್ಯಾಟಿನ ಆರು ಯಂತ್ರ, ಒಟ್ಟು 4320. ಇವತ್ತು ಇಲ್ಲಿಯ ಸಾಮರ್ಥ್ಯ 42 ಮೆಗಾವ್ಯಾಟ್. ಹೆಚ್ಚು ಕಡಿಮೆ ಹತ್ತು ಪಟ್ಟು. ಆದರೆ ಗಣಿಯವರು ಹೆಚ್ಚು ವಿದ್ಯುತ್ ಕೇಳಿದಾಗ ಎದುರಾದ ಪ್ರಶ್ನೆ ಯಂತ್ರದ್ದಾಗಿರಲಿಲ್ಲ. ಯಂತ್ರ ಕೊಳ್ಳಬಹುದು. ಬೇಸಿಗೆಯಲ್ಲಿ ಕಾವೇರಿ ಸೊರಗಿದಾಗ ಅದಕ್ಕೆ ನೀರೆಲ್ಲಿ? ವಿಶ್ವೇಶ್ವರಯ್ಯನವರು ಚೀಫ್ ಎಂಜಿನಿಯರ್ ಆಗಿದ್ದಾಗ 1911ರಲ್ಲಿ ಕನ್ನಂಬಾಡಿಯಲ್ಲಿ ಕಟ್ಟೆಯ ಕೆಲಸ ಶುರುವಾಗಲು ಈ ವಿದ್ಯುದಾಗಾರದ ನೀರಿನ ಅಗತ್ಯವೂ ಒಂದು ದೊಡ್ಡ ಕಾರಣ. ಯಂತ್ರದ ಬಲ ಹೆಚ್ಚಬೇಕಾದರೆ ನೂರಾರು ಅಡಿ ಆಚೆಗಲ್ಲ, ಹತ್ತಾರು ಮೈಲಿ ಮೇಲ್ಗಡೆ ಒಂದು ಅಣೆಕಟ್ಟೇ ಏಳಬೇಕಾಯಿತು. ಆ ಕೊಳವೆಗಳನ್ನು ನೋಡುತ್ತ ನಿಂತಾಗ ಶೆಡ್ಡಿನ ಮೆಕ್ಯಾನಿಕ್ಕಿನ ಮಾತು ಇನ್ನಷ್ಟು ದೊಡ್ಡದಾಗಿ ಕೇಳಿಸಿತು.

ಮೂರನೆಯ ದಿನ ಮಂಡ್ಯ. ಹೆರಾಲ್ಡಿಗೆ ಬೇಕಾದ ಪ್ರೊಪೆಲ್ಲರ್ ಶಾಫ್ಟು ಇಲ್ಲಿಯ ಒಂದು ಲೇತ್ ಅಂಗಡಿಯಲ್ಲಿ ಸಿದ್ಧವಾಗುತ್ತಿತ್ತು. ಅಂಗಡಿಯ ಲೇತು ಹರಿಹರದ ಮೈಸೂರು ಕಿರ್ಲೋಸ್ಕರಿನದು. ಹಸಿರು ಬಣ್ಣ ಹೋಗಿ ಕೈ ತಾಗುವ ಕಡೆಯೆಲ್ಲ ಬೆಳ್ಳಿಯಂತೆ ಹೊಳೆಯುತ್ತಿತ್ತು. ಶಾಫ್ಟು ಕತ್ತರಿಸಿ ಗಿಡ್ಡ ಮಾಡುವುದು ಸುಲಭ. ಬೆಸೆದ ಮೇಲೆ ಅದು ನೆಟ್ಟಗಿದೆಯೇ ಎಂದು ನೋಡುವುದರಲ್ಲೇ ಮಧ್ಯಾಹ್ನ ಕಳೆಯಿತು. ತಿರುಗಿಸುವುದು, ಡಯಲ್ ಗೇಜಿನ ಮುಳ್ಳು ನೋಡುವುದು, ಒಂದು ಕಡೆ ಕಾಯಿಸಿ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುವುದು, ಮತ್ತೆ ತಿರುಗಿಸುವುದು. ಯಾರೂ ಮಾತಾಡಲಿಲ್ಲ.

ಕಾರಿನ ಯಜಮಾನರು ಸಿಕ್ಕಿದ್ದು ಅಲ್ಲೇ. ಕಬ್ಬು ಬೆಳೆಗಾರರು, ಹೆಸರು ಬೇಡ ಎಂದರು. ಪೆಟ್ರೋಲಿನ ಪೈಪು ತೋರಿಸಿದರು. ಹಳೆಯ ಕಾರ್ಬುರೇಟರಿಗೆ ಪಂಪಿನ ಸಣ್ಣ ಒತ್ತಡ ಸಾಕಿತ್ತು, ಹೊಸ ಇಂಜೆಕ್ಷನ್ ಇಂಜಿನ್ನಿಗೆ ಸುಮಾರು 3 ಬಾರ್ ಒತ್ತಡ ಬೇಕು. ಹಳೆಯ ರಬ್ಬರು ಪೈಪಿನಲ್ಲೇ ಅದನ್ನು ಹರಿಸಿದರೆ ಎಲ್ಲೋ ಬಿರುಕು ಬಿಟ್ಟು ಕಾದ ಇಂಜಿನ್ನಿನ ಮೇಲೆ ಚಿಮ್ಮುತ್ತದೆ. ಜೊತೆಗೆ ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ. ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಕೊಟ್ಟರು. ಅದು ಹಳೆಯ ಕಾಲದ ರಬ್ಬರು, ಕಾರ್ಕುಗಳನ್ನು ಮೆತ್ತಗೆ ಮಾಡಿ ತಿನ್ನುತ್ತದೆ. ಎಥನಾಲನ್ನು ಕಬ್ಬಿನ ಕಾಕಂಬಿಯಿಂದಲೂ ತೆಗೆಯುತ್ತಾರೆ. ತಾವು ಬೆಳೆದ ಕಬ್ಬೇ ತಮ್ಮ ಕಾರಿನ ಪೈಪು ತಿನ್ನದಿರಲೆಂದು ಅವರು ಟ್ಯಾಂಕಿನಿಂದ ಇಂಜಿನ್ನಿನವರೆಗೆ ಎಲ್ಲವನ್ನೂ ಬದಲಿಸಿದ್ದಾರೆ.

ಈ ಕಾರು ರಸ್ತೆಗೆ ಬರುವುದಿಲ್ಲ. ಅದನ್ನು ಅವರೇ ಮೊದಲು ಹೇಳಿದರು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಗಳಿಗೆ ಹೊಂದದ ಹಾಗೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒತ್ತಿ ಹೇಳಿತು. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮಗಳಲ್ಲಿ ಐವತ್ತು ವರ್ಷ ದಾಟಿದ ಕಾರುಗಳಿಗೆ 'ವಿ.ಎ.' ಎಂಬ ಅಕ್ಷರಗಳಿರುವ ವಿಶೇಷ ನಂಬರ್ ಪ್ಲೇಟಿನ ಗೌರವವಿದೆ, ನೋಂದಣಿಗೆ 20,000 ರೂಪಾಯಿ. ಆದರೆ ಚಾಸಿ, ಬಾಡಿ, ಇಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಬಲೆನೊ ಇಂಜಿನ್ ಕೂತ ಗಳಿಗೆಯಲ್ಲೇ ಈ ಹೆರಾಲ್ಡು ಆ ಗೌರವ ಕಳೆದುಕೊಳ್ಳುತ್ತದೆ. ಅದಕ್ಕೇ ಅವರ ಗುರಿ ಖಾಸಗಿ ಮೈದಾನದ ಆಟೋಕ್ರಾಸ್ ಓಟ ಮಾತ್ರ. ಕಾರನ್ನು ಅಲ್ಲಿಗೆ ಟ್ರೈಲರಿನ ಮೇಲೆ ಹೇರಿಕೊಂಡು ಹೋಗುತ್ತಾರೆ.

ನನಗೆ ಈ ಕಾನೂನು ಸರಿಯೆನಿಸುತ್ತದೆ. ಗೆಜ್ಜಲಗೆರೆಯ ಬಳಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯ ಪಕ್ಕ ಹತ್ತು ನಿಮಿಷ ನಿಂತರೆ ಸಾಕು, ಆ ವೇಗಕ್ಕೆ ಹುಟ್ಟದ ಗಾಡಿಗೆ ಬಲ ತುಂಬಿ ಬಿಡುವುದೆಂದರೇನೆಂದು ಮೈ ಜುಮ್ಮೆನ್ನುತ್ತದೆ. ಆದರೂ ಶೆಡ್ಡಿನಲ್ಲಿ ನಡೆಯುತ್ತಿರುವಂಥ ಕೆಲಸವನ್ನು ಪರೀಕ್ಷಿಸಿ, ಬ್ರೇಕು ಅಳೆದು, ಸರಿಯಿದ್ದರೆ ಒಪ್ಪುವ ಒಂದು ದಾರಿ ಇರಬೇಕಿತ್ತು ಎಂಬ ಆಸೆಯೂ ನನಗಿದೆ. ಮೂರು ಸಲ ಕಿವಿ ಕತ್ತರಿಸಿದವನ ಕೆಲಸವೂ ಬ್ರೇಕು ನೋಡದೆ ಇಂಜಿನ್ ತುರುಕಿದವನ ಕೆಲಸವೂ ಕಾಗದದ ಮೇಲೆ ಒಂದೇ ಆಗಬಾರದು.

ಹಳೆಯ ಇಂಜಿನ್ ಏನಾಯಿತು ಎಂದು ಕೇಳಿದೆ. ಶೆಡ್ಡಿಗೆ ವಾಪಸು ಕರೆದುಕೊಂಡು ಹೋಗಿ ತೋರಿಸಿದರು. ಗಂಡಿಗಳಿಗೆಲ್ಲ ಬಿರಡೆ, ಸಿಲಿಂಡರುಗಳಿಗೆ ಎಣ್ಣೆ, ಮೇಲೆ ಮೇಣಬಟ್ಟೆ, ಹಲಗೆಯ ಪೆಟ್ಟಿಗೆ. ಚಾಸಿಯ ಮೂಲ ಗಂಡಿಗಳಲ್ಲಿ ಒಂದನ್ನೂ ಕೊರೆದು ದೊಡ್ಡದು ಮಾಡಿಲ್ಲ, ಹೊಸ ಬ್ರಾಕೆಟ್ಟುಗಳೆಲ್ಲ ಹಳೆಯ ಬೋಲ್ಟಿನ ಜಾಗಕ್ಕೇ ಬಂದಿವೆ. ಮುಂದೆ ಯಾರಿಗಾದರೂ ಬೇಕೆನಿಸಿದರೆ ಒಂದು ವಾರದಲ್ಲಿ ಇದನ್ನು ಮತ್ತೆ ಮದ್ರಾಸಿನ ಹೆರಾಲ್ಡು ಮಾಡಬಹುದು. ಹಳೆಯ ಕಾರಿಗೆ ಕೈ ಹಾಕುವವರೆಲ್ಲ ಇಷ್ಟು ಮಾಡಿದರೆ ನನ್ನ ತಕರಾರಿಲ್ಲ.

ಸಂಜೆ ಬಿಸಿಲು ಇಳಿದ ಮೇಲೆ ಕಾರನ್ನು ಹೊರಗೆ ತಂದರು. ಇಂಜಿನ್ ಇನ್ನೂ ಒಳಗೆ ಕೂತಿಲ್ಲ; ಬ್ರೇಕು ಪಾಸಾಗುವ ತನಕ ಕೂರಿಸುವುದಿಲ್ಲ ಎಂದು ಮೆಕ್ಯಾನಿಕ್ಕು ಹಟ ಹಿಡಿದಿದ್ದಾರೆ. ಇಂಜಿನ್ನಿನ ಜಾಗದಲ್ಲಿ ಅದರ ತೂಕದಷ್ಟು ಮರಳಿನ ಮೂಟೆ ಕಟ್ಟಿದ್ದರು. ನಾಲ್ಕು ಜನ ಸೇರಿ ಯಜಮಾನರ ತೋಟದ ಏರಿಯ ಮೇಲಕ್ಕೆ ತಳ್ಳಿದರು. ಯಜಮಾನರು ಸ್ಟೀರಿಂಗ್ ಹಿಡಿದು ಕುಳಿತರು. ಕೆಳಗೆ ಮೆಕ್ಯಾನಿಕ್ಕು ಸೀಮೆಸುಣ್ಣದಲ್ಲಿ ಕಾಂಕ್ರೀಟಿನ ಮೇಲೆ ಎರಡು ಗೆರೆ ಎಳೆದರು, ಬ್ರೇಕು ಒತ್ತಬೇಕಾದ್ದು ಒಂದು, ನಿಲ್ಲಬೇಕಾದ್ದು ಒಂದು.

ಕಾರು ಸದ್ದಿಲ್ಲದೆ ಇಳಿದು ಬಂತು. ಟೈರಿನ ಸರಸರ ಮಾತ್ರ. ಮೊದಲ ಗೆರೆ ದಾಟಿತು, ಮೂತಿ ಬಗ್ಗಿತು, ನಿಂತಿತು. ಮೆಕ್ಯಾನಿಕ್ಕು ಮಂಡಿಯೂರಿ ನೋಡಿದರು. ಎರಡನೆಯ ಗೆರೆಯಿಂದ ಒಂದು ಗೇಣು ಮುಂದೆ. ಎಡಕ್ಕೆ ಒಂಚೂರು ಎಳೆದಿದೆ. ಏನೂ ಅನ್ನಲಿಲ್ಲ, ಚಕ್ರ ಬಿಚ್ಚಿ, ಕ್ಯಾಲಿಪರಿನ ಗಾಳಿ ತೆಗೆದು, ಪೆಡಲ್ಲು ನಾಲ್ಕು ಸಲ ಒತ್ತಿಸಿ, ಚಕ್ರ ಹಾಕಿದರು.

"ಇನ್ನೊಂದ್ಸಲ ತಳ್ಳಿ."

ಈ ಸಲ ತಳ್ಳಲು ನಾನೂ ಕೈ ಹಚ್ಚಿದೆ.